ಬೆರಳು ನಿಮ್ಮದು, ತೋಳು ಪಾತ್ರದ್ದು: ವಿಡಿಯೊ ಗೇಮ್ ಒಂದು ಆರ್‌ಪಿಜಿ ಆಗುವುದು ಯಾವಾಗ?

2002ರಲ್ಲಿ ಬಂದ ‘ಮಾರೋವಿಂಡ್’ ಗೇಮನ್ನು ಮೊದಲ ಸಲ ಆಡಿದವರಲ್ಲಿ ಬಹುತೇಕರಿಗೆ ಈ ಅನುಭವ ಆಗಿರುತ್ತದೆ. ಹಡಗಿನಿಂದ ಇಳಿದು, ಕಾಗದಪತ್ರದ ಕೆಲಸ ಮುಗಿಸಿ, ಊರಾಚೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕೆಸರಿನಿಂದ ಒಂದು ಏಡಿ ಎದ್ದು ಬರುತ್ತದೆ. ನೀವು ಕತ್ತಿ ಬೀಸುತ್ತೀರಿ. ಕತ್ತಿಯ ಅಲಗು ಏಡಿಯ ಬೆನ್ನನ್ನೇ ಹಾದು ಹೋದದ್ದು ಕಣ್ಣಿಗೆ ಕಾಣುತ್ತದೆ. ಆದರೂ ಏಟು ಬಿದ್ದಿಲ್ಲ. ಮತ್ತೆ ಬೀಸುತ್ತೀರಿ, ಮತ್ತೆ ಇಲ್ಲ. ಐದಾರು ಸಲ ಗಾಳಿಯನ್ನೇ ಕಡಿದ ಮೇಲೆ, ಎಲ್ಲೋ ಏನೋ ಕೆಟ್ಟಿದೆ ಎಂದು ಮೌಸ್ ಬದಲಾಯಿಸಿ ನೋಡಿದವರಲ್ಲಿ ನಾನೂ ಒಬ್ಬ.

ಏನೂ ಕೆಟ್ಟಿರಲಿಲ್ಲ. ಕತ್ತಿ ಬೀಸಿದ್ದು ನಾನಲ್ಲ, ನನ್ನ ಪಾತ್ರ. ಅವನಿಗೆ ಆ ಕತ್ತಿ ಹಿಡಿದು ಅಭ್ಯಾಸವಿರಲಿಲ್ಲ. ಸಾಲದ್ದಕ್ಕೆ ಊರಿನಿಂದ ಅಲ್ಲಿಯವರೆಗೆ ಅವನನ್ನು ಓಡಿಸಿಕೊಂಡೇ ಬಂದಿದ್ದೆ, ಏದುಸಿರು ಬಿಡುತ್ತಿದ್ದ. ತೆರೆಯ ಹಿಂದೆ ಗೇಮ್ ಅವನ ಕತ್ತಿವಿದ್ಯೆ, ಚುರುಕುತನ, ಅದೃಷ್ಟ, ದಣಿವು ಇವನ್ನೆಲ್ಲ ಲೆಕ್ಕ ಹಾಕಿ, ಒಂದು ಅಗೋಚರ ದಾಳ ಉರುಳಿಸಿ, ‘ಗುರಿ ತಪ್ಪಿತು’ ಎಂದು ತೀರ್ಪು ಕೊಟ್ಟಿತ್ತು. ರೋಲ್-ಪ್ಲೇಯಿಂಗ್ ಗೇಮ್, ಅಂದರೆ ಆರ್‌ಪಿಜಿ ಎಂದರೇನು ಎಂಬ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಆ ಏಡಿಯ ಬೆನ್ನ ಮೇಲೆಯೇ ಇದೆ.

ಈ ಪ್ರಶ್ನೆ ಈಗ ಗೇಮರ್‌ಗಳ ಹರಟೆಯಾಗಿ ಮಾತ್ರ ಉಳಿದಿಲ್ಲ. 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ ಆ ವರ್ಷದ ಶ್ರೇಷ್ಠ ಗೇಮ್ ಪ್ರಶಸ್ತಿ ಪಡೆದ ಮೇಲೆ, ಅದುವರೆಗೆ ಈ ಕಡೆ ತಲೆ ಹಾಕದಿದ್ದವರೂ ಆರ್‌ಪಿಜಿ ಆಡಲು ಕುಳಿತರು. ಅತ್ತ ಮೊಬೈಲ್‌ನ ಗೇಮ್ ಮಳಿಗೆಗಳಲ್ಲಿ ಇದೇ ಹಣೆಪಟ್ಟಿ ಕಂಡಕಂಡದ್ದಕ್ಕೆಲ್ಲ ಅಂಟಿಕೊಂಡಿದೆ. ಹೆಸರು ನೋಡಿ ಇಳಿಸಿಕೊಂಡವರಿಗೆ ಒಳಗೆ ಸಿಗುವುದು ಒಂದೊಂದು ಸಲ ಒಂದೊಂದು.

ಪಾತ್ರವಿದ್ದ ಮಾತ್ರಕ್ಕೆ ಆಗದು

ರೋಲ್ ಎಂದರೆ ಪಾತ್ರ, ಪ್ಲೇ ಎಂದರೆ ಆಟ. ಹಾಗಾದರೆ ಪಾತ್ರವೊಂದನ್ನು ಆಡಿಸುವ ಎಲ್ಲ ಗೇಮ್‌ಗಳೂ ಆರ್‌ಪಿಜಿಗಳೇ ಆಗಬೇಕಲ್ಲ? ಮಾರಿಯೊ ಒಂದು ಪಾತ್ರವೇ. ಅವನಿಗೆ ಹೆಸರಿದೆ, ಮೀಸೆಯಿದೆ, ಬಿಡಿಸಬೇಕಾದ ರಾಜಕುಮಾರಿಯೂ ಇದ್ದಾಳೆ.

ವ್ಯತ್ಯಾಸ ಇರುವುದು ಬೇರೆ ಕಡೆ. ಮಾರಿಯೊ ಹಳ್ಳ ದಾಟುತ್ತಾನೋ ಇಲ್ಲವೋ ಎಂಬುದು ನಿಮ್ಮ ಹೆಬ್ಬೆರಳಿನ ಮೇಲೆ ನಿಂತಿದೆ. ಗುಂಡಿ ಒತ್ತುವ ಕ್ಷಣ ಸರಿಯಾಗಿದ್ದರೆ ಅವನು ದಾಟುತ್ತಾನೆ, ತಡವಾದರೆ ಬೀಳುತ್ತಾನೆ. ‘ಇವತ್ತು ಮಾರಿಯೊಗೆ ಕಾಲುನೋವು’ ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ಅವನು ನಿಮ್ಮ ಕೈಗವಸು ಇದ್ದಂತೆ, ಒಳಗಿನ ಕೈ ಎಷ್ಟು ಗಟ್ಟಿಯೋ ಗವಸೂ ಅಷ್ಟೇ ಗಟ್ಟಿ.

ಆರ್‌ಪಿಜಿಯ ಪಾತ್ರ ವಕೀಲನಿದ್ದಂತೆ. ಸಂಗತಿಯೆಲ್ಲ ನಿಮಗೆ ಗೊತ್ತು, ಗೆಲ್ಲಬೇಕಾದವರೂ ನೀವೇ. ಆದರೆ ನ್ಯಾಯಾಲಯದಲ್ಲಿ ಎದ್ದು ನಿಂತು ಮಾತನಾಡುವುದು ಅವನು. ಏನು ಹೇಳಬೇಕೆಂದು ಹಿಂದಿನಿಂದ ಚೀಟಿ ಕೊಡಬಹುದು. ಹೇಳುವ ನಾಲಿಗೆ, ತಡಬಡಾಯಿಸುವ ಸ್ವಭಾವ, ಎದುರಾಳಿಯನ್ನು ಕಂಡು ಬೆವರುವ ಗುಣ ಅವನದೇ. ನಿಮ್ಮ ಇಚ್ಛೆಗೂ ಅದು ಕೈಗೂಡುವುದಕ್ಕೂ ನಡುವೆ ಇನ್ನೊಬ್ಬ ವ್ಯಕ್ತಿ ನಿಂತಿದ್ದಾನೆ. ಆ ವ್ಯಕ್ತಿಯನ್ನು ಗೇಮ್ ಎಷ್ಟು ಗಂಭೀರವಾಗಿ ಪರಿಗಣಿಸುತ್ತದೆ ಎಂಬುದರಲ್ಲೇ ಆರ್‌ಪಿಜಿತನ ಅಡಗಿದೆ ಎಂಬುದು ನನ್ನ ತಿಳಿವಳಿಕೆ.

ಮೇಜಿನ ಸುತ್ತ ಹುಟ್ಟಿದ ಆಟ

ಈ ಆಲೋಚನೆ ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಯುದ್ಧದಾಟ ಆಡುವ ಹವ್ಯಾಸಿಗಳ ಬಳಗಗಳಿದ್ದವು. ಅಲ್ಲಿ ಸಾಮಾನ್ಯವಾಗಿ ಒಂದು ಗೊಂಬೆಯೆಂದರೆ ಒಂದು ದೊಡ್ಡ ಸೈನಿಕ ತುಕಡಿ, ಆಡುವವನು ಸೇನಾಪತಿ. ಡೇವ್ ಆರ್ನೆಸನ್ ತನ್ನ ಗೆಳೆಯರ ಜೊತೆ ನಡೆಸುತ್ತಿದ್ದ ಆಟದಲ್ಲಿ ಇದು ತಿರುಗುಮುರುಗಾಯಿತು. ಪ್ರತಿಯೊಬ್ಬ ಆಟಗಾರನಿಗೆ ಒಬ್ಬನೇ ವ್ಯಕ್ತಿ. ಆ ವ್ಯಕ್ತಿ ಒಂದು ಆಟ ಮುಗಿದೊಡನೆ ಡಬ್ಬಿ ಸೇರುವುದಿಲ್ಲ. ಮುಂದಿನ ವಾರ ಅದೇ ಗಾಯ, ಅದೇ ಅನುಭವ, ಅದೇ ಹಗೆಯೊಂದಿಗೆ ಮರಳುತ್ತಾನೆ. ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ ಸೇರಿ 1974ರಲ್ಲಿ ಇದನ್ನು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು.

ಆ ಆಟದಲ್ಲಿ ಪ್ರತಿ ಪಾತ್ರಕ್ಕೂ ಆರು ಗುಣಗಳು: ಬಲ, ಬುದ್ಧಿ, ವಿವೇಕ, ಚುರುಕುತನ, ದೇಹದ ತಾಳಿಕೆ, ವರ್ಚಸ್ಸು. ಮೂರು ದಾಳ ಉರುಳಿಸಿ 3ರಿಂದ 18ರೊಳಗೆ ಒಂದೊಂದಕ್ಕೆ ಒಂದು ಅಂಕ ಬರೆದುಕೊಳ್ಳಬೇಕು. ಇವೇ ಮುಂದೆ ಗೇಮ್‌ಗಳಲ್ಲಿ ‘ಸ್ಟ್ಯಾಟ್ಸ್’ ಎನಿಸಿಕೊಂಡವು. ಆಟಗಾರರಲ್ಲಿ ಒಬ್ಬರು ‘ಡಂಜನ್ ಮಾಸ್ಟರ್’. ಕಥೆಗಾರ, ತೀರ್ಪುಗಾರ, ಎದುರಾಳಿ ಎಲ್ಲ ಅವರೇ.

ಮೇಜಿನ ಮೇಲೆ ಇದು ನಡೆಯುವ ರೀತಿ ನೋಡಿ. ಒಬ್ಬಾಕೆ ‘ಗೋಡೆ ಹತ್ತುತ್ತೇನೆ’ ಎನ್ನುತ್ತಾಳೆ. ನಿಜಜೀವನದಲ್ಲಿ ಅವಳಿಗೆ ಏಣಿ ಹತ್ತಿದರೂ ತಲೆ ತಿರುಗಬಹುದು, ಅದು ಇಲ್ಲಿ ಲೆಕ್ಕಕ್ಕಿಲ್ಲ. ಅವಳ ಪಾತ್ರ ಕಳ್ಳರ ಕೈಯಲ್ಲಿ ಪಳಗಿದವಳು. ದಾಳ ಬೀಳುತ್ತದೆ, ಗೋಡೆ ಹತ್ತಿಯಾಯಿತು. ಪಕ್ಕದಲ್ಲಿ ಕುಳಿತ ನಿಜವಾದ ಮಾತುಗಾರನೊಬ್ಬನ ಪಾತ್ರಕ್ಕೆ ವರ್ಚಸ್ಸು ಬರೀ 4. ಅವನು ಎಷ್ಟೇ ಚೆಂದವಾಗಿ ವಾದಿಸಲಿ, ಕಾವಲುಗಾರನ ಕಿವಿಗೆ ಬೀಳುವುದು ಒರಟು ಮಾತೇ. ಮೂರನೆಯವನು ‘ಗೋಡೆಗೆ ಎಣ್ಣೆ ಸುರಿದು ಬೆಂಕಿ ಹಚ್ಚುತ್ತೇನೆ’ ಎಂದರೆ? ನಿಯಮದ ಪುಸ್ತಕದಲ್ಲಿ ಅದು ಇರಲಿಕ್ಕಿಲ್ಲ. ಮಾಸ್ಟರ್ ಒಂದು ಕ್ಷಣ ಯೋಚಿಸಿ ಏನಾಗುತ್ತದೆಂದು ಹೇಳುತ್ತಾರೆ. ಹೀಗೆ ಎರಡು ಎಳೆಗಳು ಹೆಣೆದುಕೊಂಡಿದ್ದವು. ಒಂದು, ಪಾತ್ರವನ್ನು ಅಳೆಯುವ ಅಂಕಿಗಳು. ಇನ್ನೊಂದು, ಯಾರು ಏನು ಮಾಡಿದರೂ ತಕ್ಕ ಉತ್ತರ ಕೊಡುವ ಒಂದು ತಲೆ.

ಕಂಪ್ಯೂಟರಿಗೆ ಲೆಕ್ಕ ಬಂತು, ಮಾಸ್ಟರ್ ಬರಲಿಲ್ಲ

ಮರುವರ್ಷವೇ, 1975ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೊ’ ಎಂಬ ಶೈಕ್ಷಣಿಕ ಕಂಪ್ಯೂಟರ್ ಜಾಲದಲ್ಲಿ ಈ ಆಟದ ನಕಲುಗಳು ತಲೆ ಎತ್ತಿದವು. ಪಾಠಗಳಿಗೆಂದು ಇದ್ದ ಜಾಗದಲ್ಲಿ ಬರೆದಿಟ್ಟ ‘ಪೆಡಿಟ್5’ ಅವುಗಳಲ್ಲಿ ಒಂದು. ಆಡಳಿತದವರು ಕಂಡಾಗ ಅಳಿಸಿಹಾಕುತ್ತಿದ್ದರು. 1981ರಲ್ಲಿ ‘ವಿಜಾರ್ಡ್ರಿ’ ಮತ್ತು ‘ಅಲ್ಟಿಮಾ’ ಮನೆಯ ಕಂಪ್ಯೂಟರಿಗೆ ಬಂದವು.

ಕೂಡುವುದು, ಕಳೆಯುವುದು, ದಾಳ ಉರುಳಿಸುವುದು ಕಂಪ್ಯೂಟರಿಗೆ ನೀರು ಕುಡಿದಷ್ಟು ಸಲೀಸು. ಗೋಡೆಗೆ ಬೆಂಕಿ ಹಚ್ಚಿದರೆ ಏನಾಗುತ್ತದೆಂದು ಸ್ಥಳದಲ್ಲೇ ಯೋಚಿಸುವುದು ಅದಕ್ಕೆ ಆಗದ ಮಾತು. ಹಾಗಾಗಿ ಎರಡು ಎಳೆಗಳಲ್ಲಿ ಅಂಕಿಗಳದ್ದು ಮಾತ್ರ ಪೂರ್ತಿಯಾಗಿ ದಾಟಿತು. ಆರ್‌ಪಿಜಿ ಎಂದರೆ ಅಂಕಿ ಏರಿಸುವ ಆಟ ಎಂಬ ತಿಳಿವಳಿಕೆ ಬೇರೂರಿದ್ದು ಇಲ್ಲಿಂದ.

ಜಪಾನಿನಲ್ಲಿ ವಿಜಾರ್ಡ್ರಿ, ಅಲ್ಟಿಮಾಗಳನ್ನು ಮೆಚ್ಚಿದ್ದ ಯೂಜಿ ಹೋರಿ, ಸಿಕ್ಕಾಪಟ್ಟೆ ಗುಂಡಿಗಳಿಲ್ಲದ ಮನೆಯ ಗೇಮ್ ಯಂತ್ರಕ್ಕೆ ಹೊಂದುವಂತೆ ಅದನ್ನೆಲ್ಲ ಸರಳಗೊಳಿಸಿ 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ತಂದರು. ಮರುವರ್ಷ ‘ಫೈನಲ್ ಫ್ಯಾಂಟಸಿ’ ಬಂತು. ಈ ಕವಲು ಬೆಳೆಯುತ್ತ ಹೋದಂತೆ ಮಾಸ್ಟರ್ ಇಲ್ಲದ ಕೊರತೆಯನ್ನು ಚೆನ್ನಾಗಿ ಬರೆದ ಕಥೆಯಿಂದ ತುಂಬಿಕೊಂಡಿತು. ಕಥೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಪಾತ್ರಗಳನ್ನು ಹೇಗೆ ಬೆಳೆಸುತ್ತೀರಿ, ಹೇಗೆ ಕಾದಾಡಿಸುತ್ತೀರಿ ಎಂಬುದು ಮಾತ್ರ ನಿಮ್ಮದು. ‘ಜಪಾನಿ ಆರ್‌ಪಿಜಿ ನಿಜವಾದ ಆರ್‌ಪಿಜಿಯೇ?’ ಎಂಬ ಮುಗಿಯದ ಜಗಳದ ಮೂಲ ಇದೇ. ಒಂದು ಕಡೆಯವರು ಮೊದಲ ಎಳೆಯನ್ನು ಹಿಡಿದು ಮಾತನಾಡುತ್ತಾರೆ, ಇನ್ನೊಂದು ಕಡೆಯವರು ಎರಡನೆಯದನ್ನು.

ಎರಡನೇ ಎಳೆಯನ್ನು ಕಂಪ್ಯೂಟರಿಗೆ ಕಲಿಸಲು ನಡೆದ ಆರಂಭದ ಪ್ರಯತ್ನಗಳಲ್ಲಿ ನನಗೆ ತುಂಬ ಹಿಡಿಸುವುದು 1985ರ ‘ಅಲ್ಟಿಮಾ 4’. ಅದರಲ್ಲಿ ಕೊನೆಗೆ ಕೊಲ್ಲಬೇಕಾದ ದುಷ್ಟನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ವಿನಯದಂಥ ಎಂಟು ಸದ್ಗುಣಗಳಲ್ಲಿ ಪಳಗಬೇಕು, ಅಷ್ಟೇ. ಗಿಡಮೂಲಿಕೆ ಮಾರುವ ಕುರುಡಿಯೊಬ್ಬಳು ಬರುತ್ತಾಳೆ. ಎಷ್ಟು ಹಣ ಕೊಟ್ಟಿರಿ ಎಂಬುದು ಅವಳಿಗೆ ಕಾಣುವುದಿಲ್ಲ. ಕಡಿಮೆ ಕೊಟ್ಟರೂ ಅವಳು ವ್ಯಾಪಾರ ಮುಗಿಸಿ ಕಳುಹಿಸುತ್ತಾಳೆ, ಬೈಗುಳವಿಲ್ಲ, ಎಚ್ಚರಿಕೆಯಿಲ್ಲ. ಗೇಮ್ ಮಾತ್ರ ಬರೆದಿಟ್ಟುಕೊಂಡಿರುತ್ತದೆ. ಎಷ್ಟೋ ಗಂಟೆಗಳ ನಂತರ ನೀವು ಪ್ರಾಮಾಣಿಕರೆಂದು ಒಪ್ಪಲು ಅದು ನಿರಾಕರಿಸಿದಾಗ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಅಂಕಿ ಯಾವಾಗ ಅಲಂಕಾರ?

ಕೆಲವು ಪದಗಳನ್ನು ಇಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು. ಶತ್ರುವನ್ನು ಸೋಲಿಸಿದಾಗ, ವಹಿಸಿಕೊಂಡ ಕೆಲಸ ಅಂದರೆ ‘ಕ್ವೆಸ್ಟ್’ ಮುಗಿಸಿದಾಗ ಸಿಗುವ ಅನುಭವದ ಅಂಕಗಳು ‘ಎಕ್ಸ್‌ಪಿ’. ಅವು ಇಂತಿಷ್ಟಾದಾಗ ಪಾತ್ರ ಮೇಲಿನ ‘ಲೆವೆಲ್’ ತಲುಪುತ್ತದೆ, ಗುಣ ಅಥವಾ ಕೌಶಲಗಳನ್ನು ಹೆಚ್ಚಿಸಿಕೊಳ್ಳುವ ಅವಕಾಶ ಸಿಗುತ್ತದೆ. ಯಾವುದನ್ನು ಹೆಚ್ಚಿಸಿ ಯಾವುದನ್ನು ಬಿಟ್ಟಿರಿ ಎಂಬುದರಿಂದ ರೂಪುಗೊಳ್ಳುವ ಪಾತ್ರದ ಮೈಕಟ್ಟಿಗೆ ‘ಬಿಲ್ಡ್’ ಎನ್ನುತ್ತಾರೆ.

ಇವೆಲ್ಲ ಇದ್ದರೆ ಆರ್‌ಪಿಜಿ ಆದಂತೆಯೇ? 2007ರಲ್ಲಿ ‘ಕಾಲ್ ಆಫ್ ಡ್ಯೂಟಿ 4’ ಎಂಬ ಗುಂಡು ಹಾರಿಸುವ ಗೇಮ್ ತನ್ನ ಆನ್‌ಲೈನ್ ಪಂದ್ಯಗಳಿಗೆ ಎಕ್ಸ್‌ಪಿ, ಲೆವೆಲ್ ಎಲ್ಲವನ್ನೂ ತಂದಿತು. ಅದನ್ನು ಯಾರೂ ಆರ್‌ಪಿಜಿ ಎನ್ನಲಿಲ್ಲ. ಅಲ್ಲಿನ ಅಂಕಿ ಹೇಳುವುದು ನೀವು ಎಷ್ಟು ಹೊತ್ತು ಆಡಿದ್ದೀರಿ ಎಂಬುದನ್ನು, ನಿಮ್ಮ ಸೈನಿಕ ಯಾರು ಎಂಬುದನ್ನಲ್ಲ. ಇಂದು ಓಟದ ಗೇಮ್, ಒಗಟಿನ ಗೇಮ್, ಭಾಷೆ ಕಲಿಸುವ ಆ್ಯಪ್‌ಗಳಲ್ಲೂ ಲೆವೆಲ್ ಇದೆ. ಮೊಬೈಲ್‌ನ ಅನೇಕ ‘ಆರ್‌ಪಿಜಿ’ಗಳಲ್ಲಿ ಇರುವುದೂ ಇಷ್ಟೇ, ಪ್ರತಿದಿನ ಏರುವ ಒಂದು ಸಂಖ್ಯೆ.

ಅಪ್ಪಟ ಆರ್‌ಪಿಜಿಗಳೂ ಇಲ್ಲಿ ಎಡವುತ್ತವೆ. 2006ರ ‘ಒಬ್ಲಿವಿಯನ್’ನಲ್ಲಿ ನೀವು ಬಲಿತಷ್ಟೂ ಶತ್ರುಗಳೂ ಬಲಿಯುತ್ತಾರೆ. ಕೊನೆಕೊನೆಗೆ ದಾರಿ ಬದಿಯಲ್ಲಿ ನಿಂತು ಚಿಲ್ಲರೆ ಹಣಕ್ಕೆ ಅಡ್ಡಗಟ್ಟುವ ದರೋಡೆಕೋರ ಆ ಲೋಕದ ಅತಿ ಬೆಲೆಬಾಳುವ ಕವಚ ತೊಟ್ಟಿರುತ್ತಾನೆ! ಅದನ್ನು ಮಾರಿದರೆ ಅವನಿಗೆ ದರೋಡೆ ಮಾಡುವ ದರ್ದೇ ಇರುತ್ತಿರಲಿಲ್ಲ. ಅಂಕಿ ಏರಿದರೂ ಲೋಕದೊಂದಿಗೆ ನಿಮ್ಮ ಸಂಬಂಧ ಬದಲಾಗಲಿಲ್ಲ ಎಂದರೆ ಏರಿದ್ದೂ ಒಂದೇ, ಏರದಿದ್ದರೂ ಒಂದೇ.

2015ರ ‘ಅಂಡರ್‌ಟೇಲ್’ ಈ ಏರಿಕೆಯ ಚಟವನ್ನೇ ಪ್ರಶ್ನೆ ಮಾಡಿತು. ಯಾರನ್ನೂ ಕೊಲ್ಲದೆ ಅದನ್ನು ಮುಗಿಸಬಹುದು, ಹಾಗೆ ಮುಗಿಸಿದವರು ಕೊನೆಯವರೆಗೂ ಒಂದನೇ ಲೆವೆಲ್‌ನಲ್ಲೇ ಉಳಿಯುತ್ತಾರೆ.

ನಿಮಗೆ ಗೊತ್ತು, ಅವನಿಗೆ ಗೊತ್ತಿಲ್ಲ

ಅಂಕಿಗೆ ಜೀವ ಬರುವುದು ಅದು ಕಾದಾಟದಾಚೆಗೂ ಕೈಚಾಚಿದಾಗ. 1997ರ ‘ಫಾಲ್‌ಔಟ್’ನಲ್ಲಿ ಪಾತ್ರದ ಬುದ್ಧಿಯನ್ನು ತೀರಾ ಕಡಿಮೆ ಇಟ್ಟು ಆಟ ಶುರುಮಾಡಿದರೆ, ಸಂಭಾಷಣೆಯಲ್ಲಿ ನಿಮಗೆ ಸಿಗುವ ಆಯ್ಕೆಗಳೇ ತೊದಲುಗಳು. ನೀವು ಕುರ್ಚಿಯಲ್ಲಿ ಕುಳಿತು ಎಷ್ಟೇ ಬುದ್ಧಿವಂತಿಕೆಯಿಂದ ಯೋಚಿಸಿದರೂ ಅವನ ಬಾಯಿಂದ ಹೊರಡುವುದು ‘ಹಾಂ? ಊಂ’. ಎದುರಿಗಿದ್ದವರು ಕನಿಕರಪಡುತ್ತಾರೆ, ಇಲ್ಲವೇ ಕೆಲಸ ಕೊಡದೆ ಸಾಗಹಾಕುತ್ತಾರೆ. 2000ನೇ ಇಸವಿಯ ‘ಡೆಯಸ್ ಎಕ್ಸ್’ ನೋಡಲು ಗುಂಡು ಹಾರಿಸುವ ಗೇಮ್‌ನಂತೆಯೇ ಇದೆ. ಆದರೆ ಪಾತ್ರಕ್ಕೆ ಪಿಸ್ತೂಲಿನ ತರಬೇತಿ ಕಡಿಮೆಯಿದ್ದರೆ ಗುರಿಯ ಗೆರೆಗಳು ಹರಡಿಕೊಂಡೇ ಇರುತ್ತವೆ, ನಿಮ್ಮ ಮೌಸ್ ಎಷ್ಟೇ ನಿಖರವಾಗಿರಲಿ.

2019ರ ‘ಡಿಸ್ಕೊ ಎಲಿಸಿಯಂ’ ಇದನ್ನು ತುದಿ ಮುಟ್ಟಿಸಿತು. ಮಾಮೂಲಿ ಕಾದಾಟ ಅದರಲ್ಲಿ ಇಲ್ಲವೇ ಇಲ್ಲ. ವಿಪರೀತ ಕುಡಿದು ತಾನು ಯಾರೆಂಬುದನ್ನೇ ಮರೆತ ಪತ್ತೇದಾರನೊಬ್ಬ ಹೋಟೆಲ್ ಕೋಣೆಯಲ್ಲಿ ಎಚ್ಚರಗೊಳ್ಳುತ್ತಾನೆ. ಅವನ ಟೈ ತಿರುಗುತ್ತಿರುವ ಫ್ಯಾನಿಗೆ ನೇತುಬಿದ್ದಿದೆ. ಅದನ್ನು ಎಳೆದುಕೊಳ್ಳಲು ಹೋಗಿ ದಾಳ ಕೈಕೊಟ್ಟರೆ, ಅವನ ದೇಹವನ್ನು ನೀವು ತೀರಾ ದುರ್ಬಲವಾಗಿ ರೂಪಿಸಿದ್ದರೆ, ಹೃದಯಾಘಾತವಾಗಿ ಅಲ್ಲೇ ಕಥೆ ಮುಗಿಯುತ್ತದೆ. ಕೋಣೆಯ ಬಾಗಿಲು ಕೂಡ ದಾಟದೆ!

ಆ ಗೇಮ್‌ನಲ್ಲಿ 24 ಕೌಶಲಗಳಿವೆ, ಪ್ರತಿಯೊಂದೂ ಅವನ ತಲೆಯೊಳಗಿನ ಒಂದು ದನಿ. ಸಾಮಾನ್ಯ ಜ್ಞಾನದ ದನಿಯನ್ನು ಬೆಳೆಸಿದಿರೋ, ಸಾಕ್ಷಿಯನ್ನು ವಿಚಾರಿಸುತ್ತಿರುವಾಗಲೇ ಅದು ಮಧ್ಯೆ ಬಾಯಿ ಹಾಕಿ ಯಾರಿಗೂ ಬೇಡದ ಸಂಗತಿಗಳನ್ನು ಒದರುತ್ತದೆ. ಒಂದು ಗುಣ ಜಾಸ್ತಿಯಾಯಿತೆಂದರೆ ಆಟ ಸುಲಭವಾಯಿತು ಎಂದಲ್ಲ. ಲೋಕ ಬೇರೆಯಾಗಿ ಕಾಣಲು ಶುರುವಾಯಿತು ಎಂದು. ಒಂದೇ ಬೀದಿಯಲ್ಲಿ ನಡೆದ ಇಬ್ಬರು ಆಟಗಾರರು ಒಂದೇ ಬೀದಿಯನ್ನು ನೋಡಿರುವುದಿಲ್ಲ.

ಮುಚ್ಚಿದ ಬಾಗಿಲುಗಳು

ಪಾತ್ರ ಯಾರೆಂದು ಗೇಮ್‌ಗೆ ಗೊತ್ತಿರಬೇಕು, ಸರಿ. ಗೇಮ್‌ನೊಳಗಿನ ಲೋಕಕ್ಕೂ ಗೊತ್ತಿರಬೇಕು. ಮಾರೋವಿಂಡ್‌ನಲ್ಲಿ ಮಾಂತ್ರಿಕರ ಸಂಘದಲ್ಲಿ ಬಡ್ತಿ ಬೇಕೆಂದರೆ ಮಂತ್ರವಿದ್ಯೆ ಇಂತಿಷ್ಟು ಇರಲೇಬೇಕು. ಅದೇ ಸರಣಿಯಲ್ಲಿ 2011ರಲ್ಲಿ ಬಂದ ‘ಸ್ಕೈರಿಮ್’ನಲ್ಲಿ, ಕೊಡಲಿ ಬೀಸುವುದೊಂದೇ ಗೊತ್ತಿರುವವನೂ ಒಂದೆರಡು ಮಂತ್ರ ಒದರಿ ಮಾಂತ್ರಿಕರ ವಿದ್ಯಾಲಯದ ಮುಖ್ಯಸ್ಥನಾಗಬಹುದು. ಸ್ಕೈರಿಮ್‌ನಲ್ಲಿ ಎಲ್ಲ ಬಾಗಿಲುಗಳೂ ಎಲ್ಲರಿಗೂ ತೆರೆದಿವೆ. ಅದಕ್ಕೆ ಅಷ್ಟು ಜನ ಒಲಿದದ್ದಕ್ಕೆ ಅದೂ ಒಂದು ಕಾರಣ. ಅದಕ್ಕೇ ಹಳಬರು ಅದರ ಮೇಲೆ ಮುನಿಸಿಕೊಂಡದ್ದೂ ಹೌದು.

ಫಾಲ್‌ಔಟ್‌ನ ಕೊನೆಯನ್ನು ನೋಡಿ. ಮನುಷ್ಯರನ್ನೆಲ್ಲ ರೂಪಾಂತರಿಸಿ ಹೊಸ ಜನಾಂಗ ಕಟ್ಟಲು ಹೊರಟ ಖಳನನ್ನು ಕಾದಾಡಿ ಸೋಲಿಸಬಹುದು. ಅವನ ಎದುರು ನಿಲ್ಲದೆಯೇ ಅವನ ನೆಲೆಯನ್ನು ಸ್ಫೋಟಿಸಬಹುದು. ಇಲ್ಲವೇ ಮಾತನಾಡಬಹುದು. ಅವನ ಹೊಸ ಜನಾಂಗಕ್ಕೆ ಮಕ್ಕಳಾಗುವುದಿಲ್ಲ ಎಂಬ ಸಾಕ್ಷ್ಯವನ್ನು ನೀವು ಮೊದಲೇ ಹುಡುಕಿ ತಂದಿದ್ದು, ಅದನ್ನು ಮನವರಿಕೆ ಮಾಡುವ ಮಾತುಗಾರಿಕೆ ನಿಮ್ಮ ಪಾತ್ರಕ್ಕಿದ್ದರೆ, ಅವನು ತನ್ನ ಕನಸು ಸುಳ್ಳೆಂದು ಒಪ್ಪಿ ತಾನೇ ಎಲ್ಲವನ್ನೂ ನಾಶಮಾಡಿಕೊಳ್ಳುತ್ತಾನೆ. ಬಾಯಿಬಾರದ ಪಾತ್ರ ಕಟ್ಟಿಕೊಂಡು ಬಂದವರಿಗೆ ಆ ದಾರಿ ಇರುವುದೇ ತಿಳಿಯುವುದಿಲ್ಲ.

ಎಲ್ಲ ಗೇಮ್‌ಗಳೂ ಏಕೆ ಹೀಗೆ ಮಾಡುವುದಿಲ್ಲ? ಲೆಕ್ಕ ಬಿಡುವುದಿಲ್ಲ. ಎರಡೆರಡು ದಾರಿಯ ಹತ್ತು ಕವಲುಗಳಿದ್ದು, ಪ್ರತಿಯೊಂದೂ ಕಥೆಯನ್ನು ಪೂರ್ತಿ ಬೇರೆ ಮಾಡುವುದಾದರೆ 1,024 ಕಥೆಗಳನ್ನು ಬರೆಯಬೇಕು. ಬರೆದರೂ ಒಬ್ಬ ಆಟಗಾರ ನೋಡುವುದು ಒಂದನ್ನು. ಅದಕ್ಕಾಗಿ ತಯಾರಕರು ಕವಲುಗಳನ್ನು ಸ್ವಲ್ಪ ದೂರ ಬಿಟ್ಟು ಮತ್ತೆ ಮುಖ್ಯ ದಾರಿಗೆ ಸೇರಿಸುತ್ತಾರೆ. ಜೊತೆಗೆ ‘ಫ್ಲ್ಯಾಗ್’ ಎಂಬ ಪುಟ್ಟ ಗುರುತುಗಳನ್ನು ಇಡುತ್ತಾರೆ: ‘ಕುರುಡಿಗೆ ಮೋಸ ಮಾಡಿದ: ಹೌದು’. ಮುಂದೆ ಬರುವ ಒಂದು ಪಾತ್ರ ಮಾತಿಗೆ ಮುಂಚೆ ಆ ಗುರುತನ್ನು ನೋಡಿಕೊಂಡು ದನಿ ಬದಲಿಸುತ್ತದೆ. ಅಂಗಡಿಯವನ ಸಾಲದ ಪುಸ್ತಕವೇ ಸರಿ. ಆದರೆ ಗುರುತುಗಳು ಸರಿಯಾದ ಜಾಗದಲ್ಲಿದ್ದರೆ, ಮೇಜಿನಾಚೆ ಮಾಸ್ಟರ್ ಕುಳಿತೇ ಇದ್ದಾರೆ ಎನಿಸುತ್ತದೆ.

ಗಡಿಯಲ್ಲಿ ನಿಂತವು

1986ರ ‘ಜೆಲ್ಡಾ’ದಲ್ಲಿ ಕತ್ತಿಯಿದೆ, ಗುಹೆಯಿದೆ, ರಾಕ್ಷಸರಿದ್ದಾರೆ. ಆದರೆ ಅಲ್ಲಿ ಗೆಲುವು ನಿಮ್ಮ ಬೆರಳಿನಿಂದ, ಸಿಕ್ಕ ಸಾಮಗ್ರಿಗಳಿಂದ. ಹೆಚ್ಚಿನವರು ಅದನ್ನು ಸಾಹಸದ ಗೇಮ್ ಎನ್ನುತ್ತಾರೆ. ‘ಡಯಾಬ್ಲೊ’ ತದ್ವಿರುದ್ಧ. ಯೋಧ, ಬಿಲ್ಲುಗಾರ್ತಿ, ಮಾಂತ್ರಿಕ ಎಂಬ ಆಯ್ಕೆ, ಅಂಕಿಗಳ ಮಹಾಪೂರ, ಮಾತಿನಲ್ಲಿ ಮಾತ್ರ ಯಾವ ಆಯ್ಕೆಯೂ ಇಲ್ಲ. ಮೊದಲ ಎಳೆ ಹಗ್ಗದಷ್ಟು ದಪ್ಪ, ಎರಡನೆಯದು ದಾರದಷ್ಟೂ ಇಲ್ಲ. ಅದನ್ನು ‘ಆ್ಯಕ್ಷನ್ ಆರ್‌ಪಿಜಿ’ ಎಂದು ಕರೆದು ಜಗಳ ಮುಗಿಸಿಕೊಂಡಿದ್ದಾರೆ. ‘ಡಾರ್ಕ್ ಸೋಲ್ಸ್’ನಲ್ಲಿ ಅಂಕಿಗಳು ಬೇಕಾದಷ್ಟಿದ್ದರೂ, ಒಂದೇ ಒಂದು ಸಲವೂ ಲೆವೆಲ್ ಏರದೆ ಅದನ್ನು ಮುಗಿಸುವ ಮೊಂಡರಿದ್ದಾರೆ. ಅಂಥವರ ಕೈಯಲ್ಲಿ ಅದು ಆರ್‌ಪಿಜಿಯೋ ಅಲ್ಲವೋ ಹೇಳುವುದು ಕಷ್ಟ.

‘ದಿ ವಿಚರ್ 3’ ಕೇಳುವ ಪ್ರಶ್ನೆ ಇನ್ನೊಂದು ಬಗೆಯದು. ಅದರ ನಾಯಕ ಗೆರಾಲ್ಟ್‌ನನ್ನು ನೀವು ರೂಪಿಸುವುದಿಲ್ಲ. ಹೆಸರು, ಬಿಳಿಗೂದಲು, ಹಳೆಯ ಪ್ರೇಮ ಎಲ್ಲ ಮೊದಲೇ ತೀರ್ಮಾನವಾಗಿದೆ. ಹಾಗೆಂದು ಪಾತ್ರ ನಿಮ್ಮದಲ್ಲ ಎನ್ನಲಾಗದು. ನಟನೊಬ್ಬ ತಾನು ಬರೆಯದ ಪಾತ್ರವನ್ನೂ ತನ್ನದಾಗಿಸಿಕೊಳ್ಳುತ್ತಾನಲ್ಲ, ಇದೂ ಹಾಗೆಯೇ. ಅವನು ಯಾರೆಂಬುದು ನಿಮ್ಮ ಕೈಯಲ್ಲಿಲ್ಲ. ಸಂಕಟದ ಹೊತ್ತಿನಲ್ಲಿ ಯಾರ ಪರ ನಿಲ್ಲುತ್ತಾನೆಂಬುದು ಇದೆ.

ದಾಳ ಬಿದ್ದ ಮೇಲೆ

ಬಾಲ್ಡರ್ಸ್ ಗೇಟ್ 3 ಮೇಜಿನ ಆಟಕ್ಕೆ ಎಷ್ಟು ನಿಷ್ಠವೆಂದರೆ, ಸಂಭಾಷಣೆಯ ನಡುವೆ 20 ಮುಖದ ದಾಳವನ್ನೇ ತೆರೆಯ ಮೇಲೆ ಉರುಳಿಸಿ ತೋರಿಸುತ್ತದೆ. 1 ಬಿದ್ದರೆ, ನಿಮ್ಮ ಪಾತ್ರ ಎಂಥ ವಾಚಾಳಿಯಾಗಿದ್ದರೂ, ಮಾತು ಎಡವಟ್ಟಾಯಿತು. ಸರಾಸರಿ ಇಪ್ಪತ್ತು ಸಲಕ್ಕೆ ಒಮ್ಮೆ ಹೀಗಾಗುತ್ತದೆ.

ಆಗ ಬಹುತೇಕರು ಮಾಡುವುದೇನು? ಆಟವನ್ನು ಮೊದಲೇ ಉಳಿಸಿಟ್ಟುಕೊಂಡ ಹಂತ, ಅಂದರೆ ಹಿಂದಿನ ‘ಸೇವ್’ ತೆರೆದು ದಾಳವನ್ನು ಮತ್ತೆ ಉರುಳಿಸುವುದು. ಒಂದು ಬೀಗ ತೆರೆಯಲು ನಾನು ಹನ್ನೊಂದು ಸಲ ಹಾಗೆ ಮಾಡಿದ್ದುಂಟು. ಹನ್ನೊಂದನೇ ಸಲ ಬೀಗ ತೆರೆದದ್ದು ನನ್ನ ಪಾತ್ರದ ಕೈಚಳಕದಿಂದಲ್ಲ, ನನ್ನ ಹಟದಿಂದ. ಮೇಜಿನ ಸುತ್ತ ಕುಳಿತಿದ್ದರೆ ಇದು ಸಾಧ್ಯವಿರಲಿಲ್ಲ, ದಾಳ ಬಿತ್ತು ಎಂದರೆ ಬಿತ್ತು.

ತಯಾರಕರಿಗೂ ಇದು ಗೊತ್ತಿದೆ. ಡಿಸ್ಕೊ ಎಲಿಸಿಯಂ ತನ್ನ ಪರೀಕ್ಷೆಗಳಿಗೆ ಎರಡು ಬಣ್ಣ ಬಳಿದಿದೆ. ಬಿಳಿಯದರಲ್ಲಿ ಸೋತರೆ ಕೌಶಲ ಹೆಚ್ಚಿಸಿಕೊಂಡು ಮತ್ತೆ ಬರಬಹುದು, ಕೆಂಪಿಗೆ ಒಂದೇ ಅವಕಾಶ. ಸೋತಾಗ ಏನಾಗುತ್ತದೆ ಎಂಬುದನ್ನು ಗೆದ್ದಾಗಿನಷ್ಟೇ ಅಕ್ಕರೆಯಿಂದ ಬರೆದಿರುವುದರಿಂದ, ಹಿಂದಕ್ಕೆ ಹೋಗಬೇಕೆನಿಸುವುದೂ ಕಡಿಮೆ. ಬಾಲ್ಡರ್ಸ್ ಗೇಟ್ 3ಕ್ಕೆ 2023ರ ಕೊನೆಗೆ ‘ಆನರ್ ಮೋಡ್’ ಸೇರಿತು. ಅದರಲ್ಲಿ ಒಂದೇ ಒಂದು ಸೇವ್, ಅದೂ ಗೇಮ್ ತಾನೇ ಬರೆದುಕೊಳ್ಳುವಂಥದ್ದು. ನಿಮ್ಮ ಪಾತ್ರ ಆಡಬಾರದ್ದನ್ನು ಆಡಿ ಊರಿಗೆ ಊರೇ ಕತ್ತಿ ಹಿರಿದು ಎದ್ದು ನಿಂತರೆ, ಆ ಊರಿನಿಂದ ಅದೇ ಪಾತ್ರವನ್ನು ಕಟ್ಟಿಕೊಂಡೇ ಹೊರಬೀಳಬೇಕು.